ಮತ ಗುಟ್ಟಾಗಿರಲಿ, ಎಣಿಕೆಯೂ ಗುಟ್ಟೇ?

ಅಂಜನಾಪುರದ ಯಾವ ಕಿರಾಣಿ ಅಂಗಡಿಗೆ ಬೇಕಾದರೂ ಹೋಗಿ. ಅರ್ಧ ಕೆ.ಜಿ. ತೊಗರಿಬೇಳೆ ತೂಗುವಾಗ ತೂಕದ ಅಂಕಿ ಗಿರಾಕಿಗೆ ಕಾಣಲೇಬೇಕು. ಕಾಣದಿದ್ದರೆ ‘ಸ್ವಲ್ಪ ಈ ಕಡೆ ತಿರುಗ್ಸಿ ಸ್ವಾಮಿ’ ಅನ್ನುತ್ತಾರೆ. ಮಾರ್ಕೆಟ್ ಬಸ್ಸಿನ ಕಂಡಕ್ಟರ್ ಎಷ್ಟೇ ನಂಬಿಗಸ್ತನಾಗಿರಲಿ, ಡಿಪೋದಲ್ಲಿ ಟಿಕೆಟ್ ಲೆಕ್ಕಕ್ಕೂ ಚೀಲದ ಕಾಸಿಗೂ ತಾಳೆ ಆಗಲೇಬೇಕು. ಚೀಟಿ ಹಾಕಿದವರಂತೂ ಎಲ್ಲರೂ ಸುತ್ತ ಕೂತ ಮೇಲೆಯೇ ಡಬ್ಬಕ್ಕೆ ಕೈ ಹಾಕುವುದು.

ಬೇಳೆಗೆ, ಬಸ್ಸಿಗೆ, ಚೀಟಿಗೆ ಇರುವ ಈ ಕಟ್ಟುಪಾಡು ರಾಜಕೀಯ ಪಕ್ಷಗಳ ಮನೆಯೊಳಗೆ ಮಾತ್ರ ಇಲ್ಲ. ಅಲ್ಲಿ ಅಭಿಪ್ರಾಯ ಕೇಳುತ್ತಾರೆ, ಚೀಟಿಯಲ್ಲಿ ಬರೆಸಿಕೊಳ್ಳುತ್ತಾರೆ, ಲಕೋಟೆಗೆ ಹಾಕಿ ಅಂಟಿಸುತ್ತಾರೆ. ಆಮೇಲೆ ಆ ಲಕೋಟೆ ವಿಮಾನ ಹತ್ತುತ್ತದೆ. ಕೊನೆಗೆ ಹೊರಬರುವುದು ಒಂದು ಹೆಸರು. ಯಾರಿಗೆ ಎಷ್ಟು ಮತ ಬಿತ್ತು ಎಂಬ ಅಂಕಿ ಮಾತ್ರ ಬರುವುದಿಲ್ಲ!

ಐದು ದಿನದ ಲಕೋಟೆ

ದೂರದ ಮಾತಲ್ಲ, 2023ರ ಮೇ ತಿಂಗಳನ್ನೇ ನೆನಪಿಸಿಕೊಳ್ಳಿ. 13ರಂದು ವಿಧಾನಸಭೆ ಫಲಿತಾಂಶ ಬಂತು. ಕಾಂಗ್ರೆಸ್ಸಿಗೆ 135 ಸ್ಥಾನ. ಮಾರನೇ ದಿನ ಸಂಜೆ ಬೆಂಗಳೂರಿನ ಹೋಟೆಲೊಂದರಲ್ಲಿ ಶಾಸಕಾಂಗ ಪಕ್ಷದ ಸಭೆ. ನಾಯಕನನ್ನು ಆರಿಸುವ ಅಧಿಕಾರವನ್ನು ಎಐಸಿಸಿ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ಅವರಿಗೆ ಒಪ್ಪಿಸುವ ಒಂದು ಸಾಲಿನ ನಿರ್ಣಯ ಪಾಸಾಯಿತು. ಸುಶೀಲ್ ಕುಮಾರ್ ಶಿಂಧೆ, ಜಿತೇಂದ್ರ ಸಿಂಗ್, ದೀಪಕ್ ಬಾಬರಿಯಾ ಎಂಬ ಮೂವರು ವೀಕ್ಷಕರು ಶಾಸಕರ ಅಭಿಪ್ರಾಯ ಕೇಳಿಕೊಂಡು ದೆಹಲಿಗೆ ಹೋದರು. 18ರಂದು ಸಿದ್ದರಾಮಯ್ಯ ಮುಖ್ಯಮಂತ್ರಿ, ಡಿ.ಕೆ. ಶಿವಕುಮಾರ್ ಉಪಮುಖ್ಯಮಂತ್ರಿ ಎಂಬ ಘೋಷಣೆ ಬಂತು. 20ಕ್ಕೆ ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣವಚನ.

ಎಲ್ಲವೂ ಸರಿಯೇ. ಆದರೆ ಆ 135 ಜನರಲ್ಲಿ ಯಾರ ಕಡೆ ಎಷ್ಟು ಜನ? ಪಕ್ಷ ಅಂಕಿ ಬಿಡಲಿಲ್ಲ. ಅಂಕಿ ಸಿಗದ ಕಡೆ ಗಾಳಿಮಾತಿಗೆ ಬರವೇ? ಬಸ್ ಸ್ಟಾಪಿನಲ್ಲಿ ಒಂದು ಲೆಕ್ಕ, ಟೀ ಅಂಗಡಿಯಲ್ಲಿ ಇನ್ನೊಂದು ಲೆಕ್ಕ.

ಇದು ಒಂದೇ ಪಕ್ಷದ ರೋಗವೂ ಅಲ್ಲ. 2011ರ ಆಗಸ್ಟ್ 3ರಂದು ಬಿಜೆಪಿ ಶಾಸಕಾಂಗ ಪಕ್ಷದಲ್ಲಿ ಯಡಿಯೂರಪ್ಪನವರ ಉತ್ತರಾಧಿಕಾರಿ ಯಾರೆಂಬ ಜಗಳ ಹತ್ತಿದಾಗ, ದೆಹಲಿಯಿಂದ ಬಂದ ರಾಜನಾಥ್ ಸಿಂಗ್ ಮತ್ತು ಅರುಣ್ ಜೇಟ್ಲಿ ಅವರ ಎದುರಿನಲ್ಲಿ ಗುಪ್ತ ಮತದಾನವೇ ಆಯಿತು. ಸದಾನಂದ ಗೌಡರು ಜಗದೀಶ್ ಶೆಟ್ಟರ್ ಅವರನ್ನು ಸೋಲಿಸಿ ಮಾರನೇ ದಿನ ಪ್ರಮಾಣವಚನ ತೆಗೆದುಕೊಂಡರು. ಪೆಟ್ಟಿಗೆ ಇಟ್ಟು ಮತ ಹಾಕಿಸುವುದು ಪಕ್ಷಗಳ ಕೈಲಾಗದ ಕೆಲಸವೇನಲ್ಲ ಎಂಬುದಕ್ಕೆ ಇಷ್ಟು ಸಾಕು.

ಹತ್ತೊಂಬತ್ತು ಪತ್ರಗಳ ಪಾಠ

ಮುಚ್ಚಿದ ಬಾಗಿಲ ಹಿಂದೆ ತಲೆ ಎಣಿಸಿದರೆ ಏನಾಗುತ್ತದೆ ಎಂಬುದನ್ನು ಇಡೀ ದೇಶಕ್ಕೆ ಕಲಿಸಿದ್ದೇ ನಮ್ಮ ಕರ್ನಾಟಕ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಅವರಿಗೆ ಕೊಟ್ಟ ಬೆಂಬಲ ವಾಪಸ್ ಎಂದು ಹೇಳುವ 19 ಶಾಸಕರ ಪತ್ರಗಳು ರಾಜಭವನ ಸೇರಿದವು. ಒಂದೆರಡು ದಿನದಲ್ಲೇ ಅವರಲ್ಲಿ ಏಳು ಮಂದಿ ‘ನಮ್ಮಿಂದ ತಪ್ಪು ತಿಳಿವಳಿಕೆ ಕೊಟ್ಟು ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ’ ಎಂದು ಬರೆದುಕೊಟ್ಟರು. ‘ಸದನದಲ್ಲೇ ಎಣಿಸಿ ನೋಡಿ’ ಎಂದರು ಬೊಮ್ಮಾಯಿ. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರವೇ ವಜಾ!

ಐದು ವರ್ಷ ಕಳೆದು, 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದ ಕೋಣೆಯಲ್ಲಲ್ಲ ಎಂಬುದು ಅದರ ಸಾರ. ಅಂದಿನಿಂದ ಸರ್ಕಾರಗಳ ತಲೆ ಎಣಿಕೆ ಬಯಲಿಗೆ ಬಂತು. ಪಕ್ಷಗಳ ಒಳಗಿನ ಎಣಿಕೆಗೆ ಆ ಭಾಗ್ಯ ಬರಲಿಲ್ಲ.

ಕೊಟ್ಟರೆ ಏನೂ ಮುಳುಗದು

‘ಅಂಕಿ ಬಿಟ್ಟರೆ ಪಕ್ಷ ಒಡೆದುಹೋಗುತ್ತೆ, ಗೆದ್ದವನ ತೂಕ ಕಡಿಮೆಯಾಗುತ್ತೆ’ ಎಂಬುದು ಮುಖಂಡರ ವಾದ. ಈ ಮಾತಿಗೆ ಅವರದ್ದೇ ಮನೆಯಲ್ಲಿ ಉತ್ತರ ಇದೆ. 2022ರ ಅಕ್ಟೋಬರ್ 17ರಂದು ಎಐಸಿಸಿ ಅಧ್ಯಕ್ಷ ಸ್ಥಾನಕ್ಕೆ ಮತದಾನ ನಡೆಯಿತು. 19ರಂದು ಎಣಿಸಿ ಲೆಕ್ಕ ಹೇಳಿದರು: ನಮ್ಮ ಕಲಬುರಗಿಯ ಖರ್ಗೆ ಅವರಿಗೆ 7,897, ಶಶಿ ತರೂರ್ ಅವರಿಗೆ 1,072, ತಿರಸ್ಕೃತ 416. ಎಣಿಕೆಗೆ ಮುಂಚೆ ಎಲ್ಲ ರಾಜ್ಯಗಳ ಮತಪತ್ರ ಒಟ್ಟಿಗೆ ಬೆರೆಸಿದ್ದರಿಂದ ಯಾವ ರಾಜ್ಯ ಯಾರ ಕಡೆ ಎಂಬುದು ಗೊತ್ತಾಗಲಿಲ್ಲ. ಮತ ಗುಟ್ಟಾಗಿಯೇ ಉಳಿಯಿತು, ಲೆಕ್ಕ ಬಯಲಾಯಿತು. ಪಕ್ಷವೇನೂ ಒಡೆಯಲಿಲ್ಲ.

ಅಲ್ಲೂ ತಕರಾರು ಇರಲಿಲ್ಲ ಎಂದಲ್ಲ. ಮತದಾರರ ಪಟ್ಟಿ ಕೊಡಿ ಎಂದು ತರೂರ್ ಕಡೆಯವರು ಮೊದಲೇ ಕೇಳಿದರು. ಮತಪತ್ರದಲ್ಲಿ ‘1’ ಎಂದು ಬರೆಯಬೇಕೆಂಬ ಸೂಚನೆಗೆ ಆಕ್ಷೇಪ ಬಂದ ಮೇಲೆ ಅದನ್ನು ಟಿಕ್ ಗುರುತಿಗೆ ಬದಲಾಯಿಸಿದರು. ಲೆಕ್ಕ ಬಯಲಲ್ಲಿದ್ದರೆ ತಕರಾರಿಗೂ ಒಂದು ಹಿಡಿ ಸಿಗುತ್ತದೆ.

ಅಂಕಿ ಕೊಟ್ಟರಷ್ಟೇ ಸಾಲದು, ನಿಯಮವೂ ಮೊದಲೇ ಖಚಿತವಾಗಿರಬೇಕು. 2021ರ ರಾಜ್ಯ ಯುವ ಕಾಂಗ್ರೆಸ್ ಚುನಾವಣೆಯಲ್ಲಿ ಮೊಹಮ್ಮದ್ ನಲಪಾಡ್ ಅವರಿಗೆ 64 ಸಾವಿರಕ್ಕೂ ಮೇಲೆ, ರಕ್ಷಾ ರಾಮಯ್ಯ ಅವರಿಗೆ 57 ಸಾವಿರಕ್ಕೂ ಮೇಲೆ ಮತ ಬಿದ್ದವು. ಹೆಚ್ಚು ಮತ ಪಡೆದವರು ಅನರ್ಹ ಎಂದು ಹೇಳಿ ಎರಡನೆಯವರನ್ನು ಅಧ್ಯಕ್ಷರೆಂದು ಸಾರಿದರು. ಜಗಳ ಹೈಕಮಾಂಡ್ ತನಕ ಹೋಗಿ, ಕೊನೆಗೆ ಮರುವರ್ಷ ಕುರ್ಚಿ ನಲಪಾಡ್ ಅವರಿಗೆ ಬಂತು. ಅನರ್ಹರಾಗಿದ್ದರೆ ಮತದಾನಕ್ಕೆ ಮುಂಚೆಯೇ ಹೇಳಬೇಕಿತ್ತಲ್ಲವೇ? ಸಾಲಿನಲ್ಲಿ ನಿಲ್ಲಿಸಿ, ಬಸ್ ಹತ್ತಿಸಿ, ಅರ್ಧ ದಾರಿಯಲ್ಲಿ ‘ನಿನ್ನ ಪಾಸ್ ನಡೆಯಲ್ಲ’ ಎಂದ ಹಾಗಾಯಿತು.

ಅಮೆರಿಕದವರೂ ಎಡವಿದ್ದಾರೆ

ಅಮೆರಿಕದ ಅಯೋವಾ ರಾಜ್ಯದಲ್ಲಿ ಪಕ್ಷದವರು ಊರೂರಿನಲ್ಲಿ ಸಭೆ ಸೇರಿ ಅಧ್ಯಕ್ಷೀಯ ಅಭ್ಯರ್ಥಿಗೆ ಮತ ಹಾಕುವ ಪದ್ಧತಿ ಇತ್ತು. 2012ರ ಜನವರಿ 3ರಂದು ರಿಪಬ್ಲಿಕನ್ ಪಕ್ಷದ ಸಭೆಗಳಲ್ಲಿ ಮಿಟ್ ರಾಮ್ನಿ ಬರೀ 8 ಮತದಿಂದ ಮುಂದೆ ಎಂದು ಸಾರಿದರು. ಎರಡು ವಾರದ ಮೇಲೆ ಲೆಕ್ಕ ತಾಳೆ ಹಾಕಿದರೆ, ರಿಕ್ ಸ್ಯಾಂಟೋರಮ್ ಅವರೇ 34 ಮತದಿಂದ ಮುಂದೆ! ಎಂಟು ಮತಗಟ್ಟೆಗಳ ಪಕ್ಕಾ ಲೆಕ್ಕ ಸಿಗಲೇ ಇಲ್ಲ. ಊರೂರಿನ ಅಂಕಿ ಕಾಗದದ ಮೇಲೆ ಇದ್ದದ್ದರಿಂದಲೇ ತಪ್ಪು ಗೊತ್ತಾಯಿತು. ಲಕೋಟೆಯ ಪದ್ಧತಿಯಲ್ಲಿ ತಪ್ಪಾದರೂ ಗೊತ್ತಾಗುವ ದಾರಿಯಿಲ್ಲ.

ಅಂಜನಾಪುರಕ್ಕೇನು?

‘ದೊಡ್ಡವರ ಜಗಳ, ನಮಗ್ಯಾಕೆ?’ ಎನ್ನುವಂತಿಲ್ಲ. ಬಿಬಿಎಂಪಿಯಲ್ಲಿ ಅಂಜನಾಪುರ 196ನೇ ವಾರ್ಡ್ ಆಗಿತ್ತು. 2015ರಲ್ಲಿ ಚುನಾಯಿತವಾದ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಐದು ಪಾಲಿಕೆಗಳಾದವು. ನೀರು, ಚರಂಡಿ, ಕಸ ಎಂದು ಜನ ಹೋಗಿ ಬಾಗಿಲು ತಟ್ಟಬೇಕಾದದ್ದು ವಾರ್ಡಿನ ಸದಸ್ಯನ ಮನೆಯನ್ನೇ. ಆ ಸದಸ್ಯನ ಟಿಕೆಟ್ ತೀರ್ಮಾನವಾಗುವುದು ಪಕ್ಷದೊಳಗೆ, ‘ಕಾರ್ಯಕರ್ತರ ಅಭಿಪ್ರಾಯ ಸಂಗ್ರಹ’ದ ಹೆಸರಿನಲ್ಲಿ.

ಪಾಲಿಕೆ ಸಭೆಯ ಪದ್ಧತಿ ನೋಡಿ. 2015ರಲ್ಲಿ 198 ವಾರ್ಡಿನಲ್ಲಿ ಬಿಜೆಪಿ 100 ಗೆದ್ದಿತ್ತು. ಆದರೂ ಶಾಸಕರು, ಸಂಸದರ ಮತ ಸೇರಿ ಕಾಂಗ್ರೆಸ್, ಜೆಡಿಎಸ್ ಕೂಟದ ಮಂಜುನಾಥ ರೆಡ್ಡಿ ಮೇಯರ್ ಆದರು. ಇಷ್ಟವಾಗಲಿ ಬಿಡಲಿ, ಕೈ ಎತ್ತಿಸಿ ಎಲ್ಲರ ಕಣ್ಣೆದುರು ಎಣಿಸಿದ ಲೆಕ್ಕ ಅದು. ಪಕ್ಷದ ಕಚೇರಿಯೊಳಗೆ ಇಷ್ಟೂ ಇಲ್ಲ.

ಕಾನೂನು ಕೈಹಿಡಿಯುತ್ತದೆಯೇ? 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಪ್ರಕಾರ ಪಕ್ಷಗಳು ನೋಂದಣಿಯಾಗುತ್ತವೆ, ಒಳಚುನಾವಣೆಯ ಎಣಿಕೆಗೆ ಕಾವಲುಗಾರರಿಲ್ಲ. ಪಕ್ಷಗಳೊಳಗೆ ಪ್ರಜಾಪ್ರಭುತ್ವ ಕಡ್ಡಾಯವಾಗಲಿ ಎಂದು 1999ರಲ್ಲೇ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಹೇಳಿತು. ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿನಡಿ ಬರುತ್ತವೆಂದು 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆದೇಶ ಕೊಟ್ಟಿತು. ಪಕ್ಷಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಾಗಿ ಕೇಳಬೇಕಾದವರು ಕಾರ್ಯಕರ್ತರೇ. ಸದಸ್ಯತ್ವದ ದುಡ್ಡು ಕೊಟ್ಟು, ಬಿಸಿಲಲ್ಲಿ ಬಾವುಟ ಕಟ್ಟುವವರೇ. ಮತ ಯಾರ್‍ಯಾರಿಗೆ ಇದೆ ಎಂಬ ಪಟ್ಟಿ ಮುಂಚೆಯೇ ಸಿಗಲಿ. ಯಾರು ಅರ್ಹ, ಯಾರು ಅನರ್ಹ ಎಂಬುದು ಮತದಾನಕ್ಕೆ ಮೊದಲೇ ತೀರ್ಮಾನವಾಗಲಿ. ಅಭ್ಯರ್ಥಿಗಳ ಏಜೆಂಟರ ಎದುರಿಗೇ, ಮತ ಹಾಕಿದ ಜಾಗದಲ್ಲೇ ಎಣಿಸಲಿ. ಬಂದ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಯ ಬೋರ್ಡಿಗೆ ಅಂಟಿಸಲಿ. ಇದಕ್ಕೆ ಬೇಕಾದದ್ದು ಒಂದು ಹಾಳೆ, ಒಂದಿಷ್ಟು ಅಂಟು, ಅಷ್ಟೇ.

ಮುಂದಿನ ಸಲ ಯಾವ ಪಕ್ಷದ ಮುಖಂಡರಾದರೂ ಅಂಗಡಿ ಬಾಗಿಲಿಗೆ ಬಂದು ‘ಎಲ್ಲರ ಅಭಿಪ್ರಾಯ ತಗೊಂಡೇ ಟಿಕೆಟ್ ಕೊಟ್ಟಿದ್ದೀವಿ’ ಅಂದರೆ, ಕೈಯಲ್ಲಿರುವ ಬೇಳೆ ಪೊಟ್ಟಣ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿ: ‘ಸರಿ ಸ್ವಾಮಿ, ಯಾರಿಗೆ ಎಷ್ಟು ಬಿತ್ತು?’