ಸುಳ್ಳು ಮೀನಿನ ಗಾಳ



ಗಾಳ ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಕೋಲಿಗೆ ದಾರ. ದಾರಕ್ಕೆ ಕೊಕ್ಕೆ. ಕೊಕ್ಕೆಗೆ ಎರೆಹುಳ. ಹುಳದ ಆಸೆಗೆ ಮೀನು ಬಾಯಿ ಹಾಕುತ್ತದೆ. ಕೊಕ್ಕೆಗೆ ಸಿಕ್ಕಿಬೀಳುತ್ತದೆ.

ಹುಳವೇ ಇಲ್ಲದ ಗಾಳ ನೋಡಿದ್ದೀರಾ? ನಾವು ನೋಡಿರಲಿಲ್ಲ.

ಚಳಿಗಾಲದ ಒಂದು ದಿನ ಬೆಳಗಾವಿಯ ಮೀನು ಪೇಟೆಗೆ ಹೋಗಿದ್ದೆವು. ಅಲ್ಲಿ ಗೋವಾ, ಕಾರವಾರದ ಕಡೆಯಿಂದ ಬಂದ ಬಂಗಡೆಯ ರಾಶಿ ಇತ್ತು. ಒಂದು ಮೂಲೆಯಲ್ಲಿ ಒಬ್ಬ ಅಕ್ಕ ಕುಳಿತಿದ್ದಳು. ಅವಳ ಮುಂದೆ ನೀರು ತುಂಬಿದ ಬುಟ್ಟಿ. ಅದರಲ್ಲಿ ಎರಡು ಮೀನು ಜೀವಂತ ಇದ್ದವು. ತಲೆ ನೋಡಿದರೆ ಹಾವಿನ ತಲೆಯ ಹಾಗೆ.

“ಇದು ಯಾವ ಮೀನ್ರೀ ಅಕ್ಕಾರ?” ಎಂದು ಕೇಳಿದೆವು.

“ಮುರ್ಲು ರೀ. ಮರಾಠಿಯವರು ಮರಳ ಅಂತಾರ. ಖಾನಾಪುರ ಹೊಳಿದು.”

“ಬಲೆಗೆ ಬಿದ್ದದ್ದೇನ್ರಿ?”

“ಅಲ್ರೀ. ಸುಳ್ಳು ಮೀನ ಎಳದು ಹಿಡದದ್ದು. ನಮ್ಮ ಮನಿಯವರು ಗಾಳ ಹಿಡೀತಾರ. ನಾ ದೋಣಿ ನಡಸ್ತೀನಿ. ನೋಡಬೇಕಂದ್ರ ಬರ್ರಿ ನಮ್ಮೂರಿಗೆ.”

ಮಾರನೆಯ ವಾರ ನಾವು ಖಾನಾಪುರದ ಬಸ್ಸು ಹತ್ತಿದೆವು.

ಮಲಪ್ರಭೆಯ ದಂಡೆಯಲ್ಲಿ

ಬೆಳಗಾವಿಯಿಂದ ಖಾನಾಪುರ ದೂರವಲ್ಲ. ಸುಮಾರು 26 ಕಿಲೋಮೀಟರು. ಊರಿನ ಮಗ್ಗುಲಲ್ಲೇ ಮಲಪ್ರಭಾ ನದಿ ಹರಿಯುತ್ತದೆ. ಈ ನದಿ ಹುಟ್ಟುವುದು ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಇದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಕೊನೆಗೆ ಕೂಡಲಸಂಗಮದಲ್ಲಿ ಇದು ಕೃಷ್ಣೆಯನ್ನು ಸೇರುತ್ತದೆ.

ಮಳೆ ನಿಂತ ಮೇಲೆ ನದಿ ತಿಳಿಯಾಗುತ್ತದೆ. ಕೆಲವು ಕಡೆ ನೀರು ಮೊಣಕಾಲಷ್ಟೇ. ಕೆಲವು ಕಡೆ ಆಳವಾದ ಮಡು. ಅಂಥ ಒಂದು ಮಡುವಿನಲ್ಲಿ ಆ ಗಂಡ ಹೆಂಡತಿಯ ಸಣ್ಣ ದೋಣಿ ನಿಂತಿತ್ತು. ಇಬ್ಬರು ಕೂತರೆ ತುಂಬಿತು. ನಾವು ದಂಡೆಯ ಮೇಲೆ ನಿಂತು ನೋಡಿದೆವು.

ಸುಳ್ಳು ಮೀನು ಎಂದರೇನು?

ಅಕ್ಕ ಸುಳ್ಳು ಮೀನನ್ನು ನಮ್ಮ ಕೈಗೆ ಕೊಟ್ಟಳು. ಬೆರಳುದ್ದದ ಪ್ಲಾಸ್ಟಿಕ್ ಮೀನು. ಬೆನ್ನು ಕಪ್ಪು, ಹೊಟ್ಟೆ ಬೆಳ್ಳಿ ಬಣ್ಣ. ಹೊಟ್ಟೆಯ ಕೆಳಗೆ ಮೂರು ಮುಳ್ಳಿನ ಕೊಕ್ಕೆ. ಬಾಯಿಯ ಕೆಳಗೆ ನಾಲಿಗೆಯಂತೆ ಮುಂದೆ ಚಾಚಿದ ಒಂದು ಚಿಕ್ಕ ಹಾಳೆ.

ಈ ನಾಲಿಗೆಯೇ ಮುಖ್ಯ. ದಾರ ಕಟ್ಟಿ ಎಳೆದರೆ ನೀರು ನಾಲಿಗೆಗೆ ಬಡಿಯುತ್ತದೆ. ಆಗ ಸುಳ್ಳು ಮೀನು ಕೆಳಗೆ ಮುಳುಗುತ್ತದೆ. ಅಷ್ಟೇ ಅಲ್ಲ, ಎಡಕ್ಕೆ ಬಲಕ್ಕೆ ತುಯ್ಯುತ್ತದೆ. ಗಾಯವಾದ ಮರಿ ಮೀನು ಹೇಗೆ ಒದ್ದಾಡುತ್ತ ಈಜುತ್ತದೋ ಹಾಗೆಯೇ ಕಾಣುತ್ತದೆ. ಎಳೆಯುವುದನ್ನು ನಿಲ್ಲಿಸಿದರೆ ಅದು ಬರೀ ಪ್ಲಾಸ್ಟಿಕ್ ತುಂಡು.

ಮೀನು ಯಾಕೆ ಮೋಸ ಹೋಗುತ್ತದೆ?

ಎಲ್ಲ ಮೀನೂ ಮೋಸ ಹೋಗುವುದಿಲ್ಲ. ರೋಹು ಮೀನಿಗೆ ಪಾಚಿ, ಕೊಳೆತ ಸೊಪ್ಪು ಸಾಕು. ಕಾಟ್ಲಾ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಇವು ಸುಳ್ಳು ಮೀನಿನ ಬೆನ್ನು ಹತ್ತುವುದಿಲ್ಲ. ಮುರ್ಲು ಹಾಗಲ್ಲ. ಅದು ಬೇಟೆಗಾರ ಮೀನು. ಕಪ್ಪೆ, ಸಣ್ಣ ಮೀನು ಹಿಡಿದು ತಿನ್ನುತ್ತದೆ. ಜೊಂಡಿನ ಮರೆಯಲ್ಲಿ, ಮುಳುಗಿದ ಮರದ ಸಂದಿಯಲ್ಲಿ ಹೊಂಚು ಹಾಕುತ್ತದೆ. ಓಡಾಡುವುದು ಕಂಡರೆ ಹಾರಿ ಹಿಡಿಯುತ್ತದೆ.

ನೀರು ಕದಡಿದ್ದರೂ ಅದಕ್ಕೆ ತಿಳಿಯುತ್ತದೆ. ಹೇಗೆ? ಮೀನು ತೊಳೆಯುವಾಗ ಅದರ ಮಗ್ಗುಲನ್ನು ಸರಿಯಾಗಿ ನೋಡಿರಿ. ಕಿವಿರಿನಿಂದ ಬಾಲದವರೆಗೆ ಒಂದು ಸಣ್ಣ ಗೆರೆ ಇರುತ್ತದೆ. ನೀರು ಅಲುಗಾಡಿದ್ದು ಈ ಗೆರೆಯಿಂದ ಮೀನಿಗೆ ಗೊತ್ತಾಗುತ್ತದೆ. ಸುಳ್ಳು ಮೀನು ತುಯ್ದಾಗ ನೀರು ನಡುಗುತ್ತದೆ. ಬೇಟೆಗಾರ ಮೀನು ಆ ನಡುಕದ ಕಡೆಗೆ ತಿರುಗುತ್ತದೆ.

ದೋಣಿಯಿಂದ ಎಳೆಯುವ ಬಗೆ

ದೋಣಿ ನಡೆಯುತ್ತಿರುವಾಗಲೇ ಸುಳ್ಳು ಮೀನನ್ನು ಹಿಂದೆ ಬಿಟ್ಟು ಎಳೆಯಬೇಕು. ಸಮುದ್ರದಲ್ಲಿ ದೊಡ್ಡ ಬೋಟುಗಳು ಬಲೆ ಎಳೆಯುತ್ತವೆ. ಇದು ಅದಲ್ಲ. ಇಲ್ಲಿ ಒಂದು ದೋಣಿ, ಒಂದು ದಾರ, ಒಂದು ಮೀನು.

ಗಂಡ ನೈಲಾನ್ ದಾರವನ್ನು 10–15 ಮಾರು ಹಿಂದಕ್ಕೆ ಬಿಟ್ಟ. ಹೂವಿನ ಮಾಲೆ ಅಳೆಯುತ್ತೇವಲ್ಲ, ಅದೇ ಮಾರು. ದಾರ ಕಡಿಮೆ ಬಿಟ್ಟರೆ ದೋಣಿಯ ಸಪ್ಪಳಕ್ಕೆ ಮೀನು ಹೆದರುತ್ತದೆ. ಹೆಚ್ಚು ಬಿಟ್ಟಷ್ಟೂ ಸುಳ್ಳು ಮೀನು ಆಳಕ್ಕೆ ಇಳಿಯುತ್ತದೆ. ಬಹಳ ಆಳಕ್ಕೆ ಹೋದರೆ ತಳದ ಕಲ್ಲಿಗೆ ಸಿಕ್ಕುತ್ತದೆ.

ಅಕ್ಕ ಹುಟ್ಟು ಹಾಕತೊಡಗಿದಳು. ನಾವು ಆರಾಮಾಗಿ ನಡೆಯುವಷ್ಟೇ ವೇಗ. ಜೋರಾಗಿ ಹೋದರೆ ಸುಳ್ಳು ಮೀನು ಗಿರಗಿರ ತಿರುಗುತ್ತದೆ. ತೀರ ಮೆಲ್ಲಗೆ ಹೋದರೆ ತುಯ್ಯುವುದೇ ಇಲ್ಲ. ಜೊಂಡಿಗೆ ತಾಗಬಾರದು, ಜೊಂಡಿನಿಂದ ದೂರವೂ ಹೋಗಬಾರದು. ಅದರ ಅಂಚು ಹಿಡಿದೇ ಸಾಗಬೇಕು.

ಒಂದು ತಿರುವಿನಲ್ಲಿ ದಾರ ಜಗ್ಗಿತು. “ತಿರುವಿನ್ಯಾಗ ಭಾಳ ಸಲ ಹಿಡಿತೈತ್ರಿ” ಎಂದಳು ಅಕ್ಕ.

ಯಾಕೆ? ಕಣದಲ್ಲಿ ಹಂತಿ ಹೊಡೆಯುವುದನ್ನು ನೆನಪು ಮಾಡಿಕೊಳ್ಳಿರಿ. ಮೇಟಿಯ ಹತ್ತಿರದ ಎತ್ತು ಮೆಲ್ಲಗೆ ನಡೆಯುತ್ತದೆ. ಹೊರಗಿನ ಎತ್ತು ಬೇಗ ಬೇಗ ಹೆಜ್ಜೆ ಹಾಕಬೇಕು. ದೋಣಿ ತಿರುಗಿದಾಗಲೂ ಹಾಗೆಯೇ. ತಿರುವಿನ ಒಳಮಗ್ಗುಲಿಗೆ ಬಂದ ಸುಳ್ಳು ಮೀನು ಮೆಲ್ಲಗಾಗುತ್ತದೆ. ಹೊರಮಗ್ಗುಲಿನದು ಜೋರಾಗುತ್ತದೆ. ನಡಿಗೆ ಬದಲಾದಾಗ ಹಿಂದೆ ಬಂದ ಮೀನಿಗೆ ‘ಇದು ತಪ್ಪಿಸಿಕೊಂಡು ಹೋಗುತ್ತಿದೆ’ ಎನ್ನಿಸಿರಬೇಕು. ತಟ್ಟನೆ ಬಾಯಿ ಹಾಕುತ್ತದೆ.

ಬುಟ್ಟಿಯಂಥ ಹರಿಗೋಲಿನಲ್ಲಿ ಈ ಕೆಲಸ ಕಷ್ಟ. ಹರಿಗೋಲು ನಿಂತಲ್ಲೇ ಸುತ್ತುತ್ತದೆ. ಉದ್ದನೆಯ ದೋಣಿ ನೆಟ್ಟಗೆ ಹೋಗುತ್ತದೆ.

ಅಕ್ಕ ನಗುತ್ತ ಹೇಳಿದ ಮಾತು ನಮಗೆ ಇನ್ನೂ ನೆನಪಿದೆ. “ಗಾಳ ಅವರ ಕೈಯಾಗ. ಮೀನ ನನ್ನ ಕೈಯಾಗ.” ನಿಜ. ಹುಟ್ಟು ಸರಿಯಾಗಿ ಹಾಕದಿದ್ದರೆ ಸುಳ್ಳು ಮೀನಿಗೆ ಜೀವವೇ ಬರುವುದಿಲ್ಲ.

ಲೌರಿ ಎಂಬ ಬಡ ಮೀನುಗಾರ

ಇಂಥ ಸುಳ್ಳು ಮೀನುಗಳಲ್ಲಿ ಒಂದು ಬಗೆ ಲೋಕಕ್ಕೆಲ್ಲ ಹೆಸರಾಗಿದೆ. ಅದನ್ನು ಮಾಡಿದವನು ಲೌರಿ ರಾಪಾಲಾ ಎಂಬ ಬಡ ಮೀನುಗಾರ. ಅವನ ದೇಶ ಫಿನ್ಲೆಂಡ್. ಅದು ಯುರೋಪಿನ ಉತ್ತರದಲ್ಲಿದೆ. ಕೆರೆಗಳ ನಾಡು, ಬಹಳ ಚಳಿಯ ನಾಡು.

ಲೌರಿ ದೋಣಿಯಲ್ಲಿ ಕುಳಿತು ಮೀನುಗಳನ್ನು ನೋಡುತ್ತಿದ್ದ. ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ನೂರಾರು ಮರಿ ಮೀನು ಗುಂಪಾಗಿ ಹೋಗುತ್ತವೆ. ದೊಡ್ಡ ಮೀನು ಬಂದು ಸೊಟ್ಟಗೆ ಈಜುವ ಒಂದನ್ನೇ ಹಿಡಿಯುತ್ತದೆ. ಹಾಗಾದರೆ ಸೊಟ್ಟಗೆ ಈಜುವ ಮೀನನ್ನು ನಾನೇ ಯಾಕೆ ಮಾಡಬಾರದು ಎಂದುಕೊಂಡ.

1936ರಲ್ಲಿ ಅವನು ಬೆಂಡಿನ ತುಂಡನ್ನು ಚಾಕುವಿನಿಂದ ಕೆತ್ತಿದ. ಅದಕ್ಕೆ ಚಾಕೊಲೇಟಿನ ಮೇಲಿನ ಬೆಳ್ಳಿ ಹಾಳೆ ಸುತ್ತಿದ. ಹಳೆಯ ಫೋಟೋ ಫಿಲ್ಮು ಕರಗಿಸಿ ಮೇಲೆ ಬಳಿದ. ನೀರು ಒಳಗೆ ಇಳಿಯಲಿಲ್ಲ. ಬಿಸಾಡುವ ವಸ್ತುಗಳಿಂದಲೇ ಹೊಸ ಸುಳ್ಳು ಮೀನು ಆಯಿತು. ಇಂದು ಅವನ ಹೆಸರಿನ ಗಾಳ ಹಲವು ದೇಶಗಳಲ್ಲಿ ಮಾರಾಟವಾಗುತ್ತದೆ. ಲೌರಿಗೆ ದಾರಿ ತೋರಿಸಿದ್ದು ಕಣ್ಣಿಟ್ಟು ನೋಡಿದ ಗುಣ.

ಮಳೆಗಾಲದಲ್ಲಿ ಯಾಕೆ ಬೇಡ?

ದೋಣಿ ದಂಡೆಗೆ ಬಂತು. ಮೀನು ಬುಟ್ಟಿಗೆ ಬಿತ್ತು. ನಾವು ಕೇಳಿದೆವು: “ವರ್ಷಪೂರ್ತಿ ಹಿಡೀತೀರೇನ್ರಿ?”

ಅಕ್ಕ ತಲೆ ಅಲ್ಲಾಡಿಸಿದಳು. “ಮಳಿ ಹಿಡದ ಮ್ಯಾಲೆ ಇಲ್ರೀ. ಆವಾಗ ಅದು ಬಾಣಂತಿ ಇದ್ದಂಗ.”

ಈ ಮಾತಿನಲ್ಲಿ ದೊಡ್ಡ ಅರ್ಥ ಇದೆ. ಬಹಳಷ್ಟು ಮೀನುಗಳು ಮೊಟ್ಟೆ ಇಟ್ಟು ಹೋಗಿಬಿಡುತ್ತವೆ. ಮುರ್ಲು ಹೋಗುವುದಿಲ್ಲ. ಮಳೆ ಬಂದು ಹೊಸ ನೀರು ಏರಿದಾಗ ಅದು ಜೊಂಡಿನ ನಡುವೆ ಜಾಗ ಮಾಡಿಕೊಳ್ಳುತ್ತದೆ. ಅಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ನೀರಿನ ಮೇಲೆ ತೇಲುತ್ತವೆ. ಒಂದೆರಡು ದಿನದಲ್ಲಿ ಮರಿ ಹೊರಗೆ ಬರುತ್ತವೆ. ಕೆಂಪು ಬಣ್ಣದ ಸಣ್ಣ ಮರಿಗಳು. ನೂರಾರು ಮರಿಗಳು ಒಂದೇ ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ಓಡಾಡುತ್ತವೆ. ದೊಡ್ಡ ಮೀನು ಕೆಳಗೇ ಇದ್ದು ಕಾಯುತ್ತದೆ. ಕೆಲವು ವಾರ ಈ ಕಾವಲು ನಡೆಯುತ್ತದೆ.

ಈ ಹೊತ್ತಿನಲ್ಲಿ ಮರಿಗಳ ಹತ್ತಿರ ಏನು ಬಂದರೂ ತಾಯಿ ತಂದೆ ಮೀನು ಸುಮ್ಮನಿರುವುದಿಲ್ಲ. ಎಗರಿ ಕಚ್ಚುತ್ತದೆ. ಕಚ್ಚುವುದು ಹಸಿವಿಗಲ್ಲ. ಮಕ್ಕಳನ್ನು ಉಳಿಸಲಿಕ್ಕೆ.

ಗಾಳ ಹಾಕುವವರಿಗೆ ಇದು ಗೊತ್ತು. ಕೆಲವರು ಕೆಂಪು ಮರಿಗಳ ಗುಂಪನ್ನು ಹುಡುಕುತ್ತಾರೆ. ಅದರ ನಡುವೆಯೇ ಸುಳ್ಳು ಮೀನು ಎಳೆಯುತ್ತಾರೆ. ದೊಡ್ಡ ಮೀನು ಸುಲಭವಾಗಿ ಸಿಗುತ್ತದೆ. ಆದರೆ ಮರಿಗಳ ಗತಿ? ಕಾವಲು ಹೋದ ಕೂಡಲೇ ಬೇರೆ ಮೀನುಗಳು ಬಂದು ಅವನ್ನು ತಿನ್ನುತ್ತವೆ. ಕೈಗೆ ಬಂದದ್ದು ಒಂದು ಮೀನು. ಹೋದದ್ದು ಒಂದು ಸಂಸಾರ. ಮುಂದಿನ ವರ್ಷದ ಮೀನೂ ಅದರ ಜೊತೆಗೇ ಹೋಯಿತು.

ಅಮೇರಿಕಾದಲ್ಲಿ ಬಾಸ್ ಎಂಬ ಮೀನು ಇದೆ. ಅದನ್ನೂ ಸಣ್ಣ ದೋಣಿಯಿಂದ ಸುಳ್ಳು ಮೀನು ಎಳೆದು ಹಿಡಿಯುತ್ತಾರೆ. ಅದರಲ್ಲಿ ಗಂಡು ಮೀನು ಗೂಡು ಕಾಯುತ್ತದೆ. ಅಲ್ಲಿಯೂ ಇದೇ ತೊಂದರೆ. ಅದಕ್ಕೇ ಅಲ್ಲಿ ಕೆಲವು ಕಡೆ ಮರಿ ಮಾಡುವ ಕಾಲದಲ್ಲಿ ಬಾಸ್ ಹಿಡಿಯಲು ಬಿಡುವುದಿಲ್ಲ.

ನಮ್ಮ ಸಮುದ್ರಕ್ಕೂ ರಜೆ ಇದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಪೇಟೆಗೆ ಸಮುದ್ರದ ಮೀನು ಬರುವುದು ಕಡಿಮೆ. ಎಲ್ಲರ ಕಣ್ಣು ಹೊಳೆಯ ಮೀನಿನ ಮೇಲೆ ಬೀಳುತ್ತದೆ. ಹೊಳೆಯ ಮುರ್ಲು ಬಾಣಂತನದಲ್ಲಿ ಇರುವುದೂ ಆಗಲೇ!

“ಗಿರಾಕಿ ಕೇಳ್ತಾರ್ರಿ. ಮಳಿಗಾಲದಾಗ ಹೆಚ್ಚಿನ ರೊಕ್ಕಾನೂ ಕೊಡ್ತಾರ. ನಾ ಇಲ್ಲ ಅಂತೀನಿ. ಒಣಮೀನ ಮಾರಿ ದಿನ ತಗೀತೀನಿ” ಎಂದಳು ಅಕ್ಕ. ಅವಳಿಗೆ ಆ ದಿನಗಳಲ್ಲಿ ಗಳಿಕೆ ಕಡಿಮೆ. ಆದರೂ ಬಿಡುತ್ತಾಳೆ. ಯಾಕೆಂದರೆ ಮಡುವಿನಲ್ಲಿ ಮೀನು ಉಳಿದರೆ ಮಾತ್ರ ಅವಳ ದೋಣಿಗೆ ಕೆಲಸ.

ನಮ್ಮ ಕೈಯಲ್ಲಿ ಏನಿದೆ?

ನಮ್ಮಲ್ಲಿ ಹೆಚ್ಚಿನವರು ಗಾಳ ಹಾಕುವುದಿಲ್ಲ. ಆದರೆ ಪೇಟೆಯಲ್ಲಿ ಮೀನು ಆರಿಸುವವರು ನಾವು. ಒಲೆಯ ಮೇಲೆ ಸಾರು ಇಡುವವರೂ ನಾವು. ನಾವು ಕೊಳ್ಳದ ಮೀನನ್ನು ಯಾರೂ ಹಿಡಿದು ತರುವುದಿಲ್ಲ.

ಮಳೆಗಾಲದಲ್ಲಿ ಹೊಳೆಯ ಮುರ್ಲು ಕೊಳ್ಳುವುದು ಬೇಡ. ಸಾಕಿದ ಕಾಟ್ಲಾ, ರೋಹು ಸಿಗುತ್ತವೆ. ಒಣಮೀನು ಇದೆ. “ಇದು ಎಲ್ಲಿಯ ಮೀನ್ರಿ?” ಎಂದು ಕೇಳಿ ಕೊಳ್ಳೋಣ. ಕೇಳುವುದಕ್ಕೆ ದುಡ್ಡು ಬೇಕಿಲ್ಲ.

ಮನೆಯ ಗಂಡಸರು, ಹುಡುಗರು ಗಾಳ ಹಿಡಿದು ಹೊರಟರೆ ಈ ಮಾತುಗಳನ್ನು ಓದಿ ಹೇಳಿರಿ:

• ನದಿ, ಜಲಾಶಯದಲ್ಲಿ ಮೀನು ಹಿಡಿಯಲು ಪರವಾನಗಿ ಬೇಕು. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿರಿ.

• ಖಾನಾಪುರದ ಕಾಡಿನಲ್ಲಿ 2011ರಿಂದ ಭೀಮಗಡ ಅಭಯಾರಣ್ಯ ಇದೆ. ಅದರೊಳಗಿನ ಹಳ್ಳಗಳಲ್ಲಿ ಮೀನು ಹಿಡಿಯಬಾರದು.

• ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ಅಪರಾಧ. 1897ರಷ್ಟು ಹಿಂದೆಯೇ ಇದಕ್ಕೆ ಕಾನೂನು ಬಂದಿದೆ. ಇದರಿಂದ ಮರಿಗಳೂ ಸಾಯುತ್ತವೆ. ನೀರೂ ಕೆಡುತ್ತದೆ.

• ದೋಣಿಯಲ್ಲಿ ಒಬ್ಬರೇ ಹೋಗಬಾರದು. ತೇಲುವ ಜಾಕೆಟ್ ಹಾಕಿಕೊಳ್ಳಬೇಕು. ಹೊಳೆ ತುಂಬಿದಾಗ ಇಳಿಯಲೇಬಾರದು.

• ಕೊಕ್ಕೆ ಕೈಗೆ ಚುಚ್ಚಿದರೆ ಜಗ್ಗಬಾರದು. ಅದರ ಮುಳ್ಳು ಮಾಂಸ ಹರಿಯುತ್ತದೆ. ಹಾಗೆಯೇ ದವಾಖಾನೆಗೆ ಹೋಗಬೇಕು. ಧನುರ್ವಾಯು ಆಗದಂತೆ ಸೂಜಿ ಬೇಕೇ ಎಂದು ಡಾಕ್ಟರರನ್ನು ಕೇಳಬೇಕು.

• ಹರಿದ ನೈಲಾನ್ ದಾರವನ್ನು ನೀರಿನಲ್ಲಿ ಬಿಡಬಾರದು. ಅದು ಕೊಳೆಯುವುದಿಲ್ಲ. ಹಕ್ಕಿಯ ಕಾಲಿಗೆ, ದನದ ಗೊರಸಿಗೆ ಸುತ್ತಿಕೊಳ್ಳುತ್ತದೆ. ಸುತ್ತಿ ಮನೆಗೆ ತರಬೇಕು.

ಸಂಜೆಯ ಬಸ್ಸಿಗೆ ನಾವು ಬೆಳಗಾವಿಗೆ ಹೊರಟೆವು. ಅಕ್ಕ ನಮ್ಮ ಜೊತೆಗೇ ಬಸ್ಸು ಹತ್ತಿದಳು. ಅವಳ ಬುಟ್ಟಿಯಲ್ಲಿ ಮುರ್ಲು ಆಗಾಗ ಮೇಲೆ ಬಂದು ಗಾಳಿ ಕುಡಿಯುತ್ತಿತ್ತು. ಈ ಮೀನು ನೀರಿನಿಂದ ತಲೆ ಎತ್ತಿ ಗಾಳಿಯನ್ನೂ ಉಸಿರಾಡುತ್ತದೆ. ಅದಕ್ಕೇ ಪೇಟೆಯವರೆಗೆ ಜೀವಂತ ಇರುತ್ತದೆ.

“ಮಳಿ ಮುಗದ ಮ್ಯಾಲೆ ಮತ್ತ ಬರ್ರಿ” ಎಂದಳು ಅವಳು. “ಮರಿ ದೊಡ್ಡವಾಗಿರ್ತಾವ.”

ನಾವು ಬರುತ್ತೇವೆ ಎಂದೆವು.

ಓದಿ, ಕೂಡಿ ಮಾತಾಡಿರಿ

1. ಸುಳ್ಳು ಮೀನು ತುಯ್ಯುವುದು ಯಾವುದರಿಂದ?
2. ದೋಣಿ ತಿರುಗುವಾಗ ಮೀನು ಯಾಕೆ ಬಾಯಿ ಹಾಕುತ್ತದೆ?
3. ಮಳೆಗಾಲದಲ್ಲಿ ಮುರ್ಲು ಕಚ್ಚುವುದು ಹಸಿವಿಗೋ, ಮತ್ತೆ ಯಾವುದಕ್ಕೋ?
4. ನಿಮ್ಮ ಊರಿನ ಪೇಟೆಗೆ ಮಳೆಗಾಲದಲ್ಲಿ ಯಾವ ಮೀನು ಬರುತ್ತದೆ? ಅದು ಎಲ್ಲಿಯದು? ಕೇಳಿ ಬರೆಯಿರಿ.