ಮನಃಶಾಸ್ತ್ರಜ್ಞರ ಪ್ರಭಾವಕ್ಕೆ ಕಾರಣವೇನು?

ಪಾಠದಲ್ಲಿ ಹಿಂದುಳಿದ ಬಾಲಿಕೆಯನ್ನು ಕಂಡು ‘ಇವಳು ದಡ್ಡಿ’ ಎಂದು ನಾವು ಮನೆಯಲ್ಲಿಯೂ ಶಾಲೆಯಲ್ಲಿಯೂ ಎಷ್ಟು ಸುಲಭವಾಗಿ ಅಂದುಬಿಡುತ್ತೇವೆ! ಆ ಮಾತಿನ ಸತ್ಯಾಸತ್ಯವನ್ನು ಪರೀಕ್ಷಿಸುವ ಸಾಧನವನ್ನು ಕೊಟ್ಟ ಮನಃಶಾಸ್ತ್ರಜ್ಞರ ಹೆಸರು ಉಳಿದುಬಂದುದರಲ್ಲಿ ಆಶ್ಚರ್ಯವಿಲ್ಲ. ಶಾಸ್ತ್ರದಲ್ಲಿ ಪಾಂಡಿತ್ಯವುಳ್ಳವರು ಅನೇಕರು. ಇತರರ ಕೈಗೆ ಉಪಯುಕ್ತವಾದುದನ್ನು ಕೊಟ್ಟವರು ಕೆಲವರು ಮಾತ್ರ.

ಫ್ರಾನ್ಸ್ ದೇಶದ ಆಲ್ಫ್ರೆಡ್ ಬಿನೇ ಎಂಬವರು ಸಿಮೋನರೊಡಗೂಡಿ 1905ರಲ್ಲಿ ಬುದ್ಧಿಮಾಪನದ ಪ್ರಶ್ನೆಗಳನ್ನು ರಚಿಸಿದರು. ಶಾಲೆಯಲ್ಲಿ ವಿಶೇಷ ಸಹಾಯ ಬೇಕಾದ ಮಕ್ಕಳನ್ನು ಗುರುತಿಸುವುದೇ ಅದರ ಉದ್ದೇಶವಾಗಿತ್ತು. ಅಮೇರಿಕೆಯ ಟರ್ಮನ್ನರು 1916ರಲ್ಲಿ ಅದನ್ನು ಪರಿಷ್ಕರಿಸಿದರು. ಹತ್ತು ವರ್ಷದ ಹುಡುಗಿಯು ಎಂಟು ವರ್ಷದವರ ಮಟ್ಟದ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಟ್ಟರೆ, ಎಂಟನ್ನು ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಲು ಬರುವ 80 ಅವಳ ಬುದ್ಧಿಲಬ್ಧವೆನಿಸುತ್ತದೆ.

ಆದರೆ ಪ್ಯಾರಿಸಿನ ಮಗುವಿಗೆ ಪರಿಚಿತವಾದ ವಸ್ತುವು ಬನಹಟ್ಟಿಯ ನೇಕಾರರ ಮಗುವಿಗೆ ಪರಿಚಿತವೇ? ಮಗ್ಗದ ಮುಂದೆ ಎಳೆಗಳನ್ನೆಣಿಸಬಲ್ಲ ಜಾಣೆಯು ತಾನು ಕಾಣದ ವಸ್ತುವಿನ ಪ್ರಶ್ನೆಗೆ ಮೌನವಾಗಿ ನಿಂತರೆ ದೋಷವು ಪ್ರಶ್ನೆಯದು. ಭಾಷೆಯ ತೊಡಕಂತೂ ಇನ್ನೂ ದೊಡ್ಡದು. 1948ರವರೆಗೆ ಮರಾಠಿ ಅರಸುಮನೆತನಗಳ ಸಂಸ್ಥಾನಗಳಾಗಿದ್ದ ಜಮಖಂಡಿ, ಮುಧೋಳಗಳಲ್ಲಿ ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುತ್ತಿದ್ದುದನ್ನು ಹಿರಿಯರು ಬಲ್ಲರು.

ಈ ಕೊರತೆಯನ್ನು ನೀಗಿಸಲು ಯತ್ನಿಸಿದವರು ಡಾ. ವಿ. ವಿ. ಕಾಮತರು. ಬಿನೇಯವರ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಅದರ ವೃತ್ತಾಂತವನ್ನೂ, 1940ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಮುಂಬಯಿ ಕರ್ನಾಟಕದ ಹೆಸರಿನಿಂದ ಕರೆಯಲ್ಪಟ್ಟ ಆ ಪರಿಷ್ಕರಣವು ಬಿನೇ–ಕಾಮತ್ ಪರೀಕ್ಷೆಯೆಂದು ಭಾರತದ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ಬಳಕೆಯಾಯಿತು. ಹೊಸ ಸಿದ್ಧಾಂತವನ್ನೇನೂ ಅವರು ಸಾರಲಿಲ್ಲ. ಅನ್ಯರ ಸಾಧನವನ್ನು ನಮ್ಮ ಮಕ್ಕಳ ಮಾತಿಗೆ ತಂದರು. ಅಷ್ಟರಿಂದಲೇ ಸಹಸ್ರಾರು ಮನೆಗಳಿಗೆ ಅವರ ಕೆಲಸವು ಮುಟ್ಟಿತು.

ಪ್ರಭಾವವು ಯಾವಾಗಲೂ ಕರ್ತೃವಿನ ಇಚ್ಛೆಯಂತೆಯೇ ನಡೆಯದೆಂಬುದನ್ನೂ ಹೇಳಬೇಕು. ಬುದ್ಧಿಯು ಶಿಕ್ಷಣದಿಂದ ಬೆಳೆಯಬಲ್ಲದೆಂದು ಬಿನೇಯವರು 1909ರಲ್ಲಿಯೇ ವಾದಿಸಿದ್ದರು. ಆದರೂ ಅನಂತರ ಬಂದ ಅನೇಕರು ಆ ಅಂಕವನ್ನು ಹಣೆಬರಹವೆಂಬಂತೆ ಓದಿದರು. ಮೇಲೆ ಹೇಳಿದ 80 ಎಂಬುದು ಒಂದು ದಿನದ ಉತ್ತರಗಳ ಲೆಕ್ಕವೇ ಹೊರತು ಆ ಹುಡುಗಿಯ ಭವಿಷ್ಯವಲ್ಲ.

ಇನ್ನೊಂದು ದಾರಿಯಿಂದ ಪ್ರಭಾವ ಬೀರಿದವರು ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಕಲಿತು ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿ, ಪ್ರಯೋಗಶಾಲೆಯನ್ನು ನಡೆಸಿ, ಶಿಷ್ಯರನ್ನು ಬೆಳೆಸಿದರು. ವಿನೋದವೇನೆಂದರೆ, ಸಾಮಾನ್ಯ ಜನರು ಅವರನ್ನು ನೆನೆಯುವುದು ಮನಃಶಾಸ್ತ್ರಕ್ಕಾಗಿ ಅಲ್ಲ, 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ‘ಆಕಾಶವಾಣಿ’ಗಾಗಿ.