ಗೋಪುರವನ್ನು ಬರೆದ ಕೈ

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ನಿಂತಿರುವ ಪಾರ್ಲಿಮೆಂಟ್ ಭವನದ ಗಡಿಯಾರದ ಗೋಪುರವನ್ನು ಚಿತ್ರದಲ್ಲಾದರೂ ಕಾಣದವರು ನಮ್ಮಲ್ಲಿ ವಿರಳ. ಅದರ ಮಹಾಘಂಟೆಗೆ ಬಂದ ಹೆಸರು ಆ ಕಾಲದ ಅಧಿಕಾರಿ ಬೆಂಜಮಿನ್ ಹಾಲ್‌ನದೆಂದು ಬಹುಜನರ ನಂಬಿಕೆ. ಗೋಪುರಕ್ಕೆ 2012ರಲ್ಲಿ ರಾಣಿ ಎಲಿಜಬೆತ್ತಳ ಹೆಸರನ್ನಿಟ್ಟರು. ಇಡೀ ಭವನದ ಕೀರ್ತಿಯಾದರೋ ವಾಸ್ತುಶಿಲ್ಪಿ ಸರ್ ಚಾರ್ಲ್ಸ್ ಬ್ಯಾರಿಗೆ ಸಂದಿತು. ತನ್ನ ಬುದ್ಧಿ ಕದಡಿಹೋಗುವುದಕ್ಕೆ ತುಸುವೇ ಮುನ್ನ ಆ ಗೋಪುರದ ನಕ್ಷೆಗಳನ್ನು ಬರೆದುಕೊಟ್ಟು, ಅದು ಪೂರ್ಣವಾಗುವುದನ್ನು ಕಾಣದೆ ನಲವತ್ತನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ ಆಗಸ್ಟಸ್ ವೆಲ್ಬಿ ಪ್ಯೂಜಿನ್ ಎಂಬ ಶಿಲ್ಪಿಯ ಹೆಸರು ಮಾತ್ರ ಆ ಗೋಪುರಕ್ಕೆ ಅಂಟಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆತನ ತಂದೆ ಆಗಸ್ಟ್ ಷಾರ್ಲ್ ಪ್ಯೂಜಿನ್ ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ ಇಂಗ್ಲೆಂಡಿಗೆ ವಲಸೆ ಬಂದವನು; ತನ್ನದು ಕುಲೀನ ವಂಶವೆಂದು ಹೇಳಿಕೊಳ್ಳುತ್ತಿದ್ದವನು. ಕುಲದ ಮಾತು ಹೇಗೇ ಇರಲಿ, ಅವನ ಕೈಯಲ್ಲಿ ವಿದ್ಯೆಯಿತ್ತು. ಪ್ರಸಿದ್ಧ ವಾಸ್ತುಶಿಲ್ಪಿ ಜಾನ್ ನ್ಯಾಷ್‌ನ ಬಳಿ ನಕ್ಷೆಗಾರನಾಗಿ ದುಡಿದು, ಮಧ್ಯಯುಗದ ಗಾಥಿಕ್ ಕಟ್ಟಡಗಳನ್ನು ಅಳೆದು ಬರೆದು ಗ್ರಂಥಗಳಾಗಿ ಪ್ರಕಟಿಸಿ, ಮನೆಯಲ್ಲಿಯೇ ಶಿಷ್ಯರಿಗೆ ಚಿತ್ರಲೇಖನವನ್ನು ಕಲಿಸುತ್ತಿದ್ದನು. ತಾಯಿ ಕ್ಯಾಥರೀನ್ ವೆಲ್ಬಿ ಲಿಂಕನ್‌ಷೈರಿನವಳು, ಕಠೋರವಾದ ಧರ್ಮಶ್ರದ್ಧೆಯವಳು. ಈ ದಂಪತಿಗಳಿಗೆ 1812ರ ಮಾರ್ಚ್ 1ರಂದು ಜನಿಸಿದ ಏಕೈಕ ಪುತ್ರನಿಗೆ ತಂದೆಯ ಮನೆಯೇ ಪಾಠಶಾಲೆಯಾಯಿತು. ಹದಿನೈದನೆಯ ವಯಸ್ಸಿಗೆ ಅವನು ವಿಂಡ್ಸರ್ ಅರಮನೆಗೆ ಪೀಠೋಪಕರಣಗಳನ್ನು ಯೋಜಿಸುವಷ್ಟು ನಿಪುಣನಾಗಿದ್ದನು. ಆಮೇಲೆ ಸ್ವಂತ ಪೀಠೋಪಕರಣದ ವ್ಯಾಪಾರಕ್ಕೆ ಕೈಹಾಕಿ ಸೋತನು. ನಾಟಕಶಾಲೆಗಳಿಗೆ ರಂಗದೃಶ್ಯಗಳನ್ನು ಬರೆದನು. ಹಡಗಿನ ಹುಚ್ಚು ಹತ್ತಿಸಿಕೊಂಡು ಸ್ಕಾಟ್ಲೆಂಡಿನ ಲೀತ್ ಬಂದರಿನ ಬಳಿ ನೌಕಾಘಾತಕ್ಕೂ ಸಿಕ್ಕಿದನು. 1832ರ ಮೇ ತಿಂಗಳಲ್ಲಿ ಮೊದಲ ಹೆಂಡತಿ ಆನ್ ಹೆಣ್ಣುಮಗುವೊಂದನ್ನು ಹೆತ್ತು ತೀರಿಕೊಂಡಳು. ಡಿಸೆಂಬರಿನಲ್ಲಿ ತಂದೆ, ಮರುವಸಂತದಲ್ಲಿ ತಾಯಿ. ವರ್ಷವೊಂದು ತುಂಬುವುದರೊಳಗೆ ಮೂರು ಸಾವುಗಳನ್ನು ಕಂಡ ಆ ತರುಣನಿಗೆ ಆಗ ಇಪ್ಪತ್ತೊಂದು ವಯಸ್ಸು.

1834ರ ಅಕ್ಟೋಬರ್ 16ರ ರಾತ್ರಿ ಹಳೆಯ ಪಾರ್ಲಿಮೆಂಟ್ ಭವನ ಹತ್ತಿಕೊಂಡಿತು. ಖಜಾನೆಯ ಲೆಕ್ಕಕ್ಕೆ ಹಿಂದೆ ಬಳಸುತ್ತಿದ್ದ ಕಚ್ಚುಗೀರಿದ ಮರದ ಕಡ್ಡಿಗಳನ್ನು ನೆಲಮಾಳಿಗೆಯ ಒಲೆಗಳಲ್ಲಿ ಸುಡುತ್ತಿರುವಾಗ ಬೆಂಕಿ ಕೈಮೀರಿತೆಂಬುದು ಇತಿಹಾಸ. ನೋಡಲು ನೆರೆದ ಜನಸ್ತೋಮದಲ್ಲಿ ಪ್ಯೂಜಿನ್ನನೂ ಇದ್ದನು. ಆಧುನಿಕರು ಗಾರೆ ಮೆತ್ತಿ ಸೇರಿಸಿದ್ದ ಭಾಗಗಳು ಉರಿದುಹೋದುದಕ್ಕೆ ಅವನಿಗೆ ಎಳ್ಳಷ್ಟೂ ವ್ಯಥೆಯಾಗಲಿಲ್ಲ. ಹೊಸ ಭವನಕ್ಕಾಗಿ ನಡೆದ ಸ್ಪರ್ಧೆಗೆ 97 ಯೋಜನೆಗಳು ಬಂದವು. ಗೆದ್ದದ್ದು ಬ್ಯಾರಿಯದು. ಆದರೆ ಬ್ಯಾರಿಯ ಮನಸ್ಸು ಇಟಲಿಯ ಶೈಲಿಗೆ ಒಲಿದದ್ದು, ಸ್ಪರ್ಧೆಯ ನಿಯಮ ಕೇಳಿದ್ದು ಗಾಥಿಕ್ ಅಥವಾ ಒಂದನೆಯ ಎಲಿಜಬೆತ್ತಳ ಕಾಲದ ಶೈಲಿ. ಆದುದರಿಂದ ಆ ಯೋಜನೆಗೆ ಬೇಕಾದ ನಕ್ಷೆಗಳನ್ನು ಕೂಲಿಗೆ ಬರೆದುಕೊಟ್ಟವನು ಪ್ಯೂಜಿನ್. ಅದೇ ಕಾಲದಲ್ಲಿ ಎದುರಾಳಿಯಾಗಿದ್ದ ಗಿಲೆಸ್ಪಿ ಗ್ರಹಾಮನ ನಕ್ಷೆಗಳೂ ಇವನ ಕೈಯವೇ!

ಮುಂದಿನ ಎಂಟು ಹತ್ತು ವರ್ಷಗಳ ಸಂಗತಿಯನ್ನು ಬೇಗ ದಾಟಿಹೋಗಬಹುದು. ಆತನು ಕ್ಯಾಥೊಲಿಕ್ ಮತವನ್ನು ಅವಲಂಬಿಸಿದನು. ಮಧ್ಯಯುಗದ ಊರನ್ನೂ ತನ್ನ ಕಾಲದ ಊರನ್ನೂ ಎದುರುಬದುರಾಗಿ ಚಿತ್ರಿಸಿ ತನ್ನ ಕಾಲವನ್ನು ಖಂಡಿಸಿದ ‘ಕಾಂಟ್ರಾಸ್ಟ್ಸ್’ ಎಂಬ ಪುಸ್ತಕವನ್ನು 1836ರಲ್ಲಿ ಹೊರತಂದನು. ದೇಶದುದ್ದಕ್ಕೂ ಚರ್ಚುಗಳನ್ನು ಕಟ್ಟಿದನು. 1844ರಲ್ಲಿ ಬ್ಯಾರಿ ಅವನನ್ನು ಮತ್ತೆ ಕರೆದನು. ಕೊಟ್ಟ ಪದವಿ ಮರಗೆತ್ತನೆಯ ಮೇಲ್ವಿಚಾರಕನದು. ಸಂಬಳ ವರ್ಷಕ್ಕೆ 200 ಪೌಂಡು. ಮಾಡಿಸಿಕೊಂಡ ಕೆಲಸವೋ ಸಿಂಹಾಸನದಿಂದ ಮಸಿಕುಡಿಕೆಯವರೆಗೆ: ನೆಲದ ಹೆಂಚು, ಗೋಡೆಯ ಕಾಗದ, ಕಿಟಕಿಯ ಬಣ್ಣದ ಗಾಜು, ಬಾಗಿಲ ಹಿಡಿ, ದೀಪಸ್ತಂಭ, ಎಲ್ಲವೂ. ಮಿಂಟನ್ ಹೆಂಚುಗಳನ್ನು ಸುಟ್ಟನು, ಬರ್ಮಿಂಗ್‌ಹ್ಯಾಮಿನ ಹಾರ್ಡ್‌ಮನ್ ಲೋಹವನ್ನೂ ಗಾಜನ್ನೂ ಒದಗಿಸಿದನು, ರೇಖೆಗಳೆಲ್ಲ ಪ್ಯೂಜಿನ್ನನವು. 1847ರಲ್ಲಿ ತೆರೆದ ಲಾರ್ಡ್ಸ್ ಸಭಾಂಗಣದ ಕೆಂಪು ಹೊನ್ನಿನ ವೈಭವವನ್ನು ಕಂಡವನು ಅದು ಒಬ್ಬ ಮರಗೆತ್ತನೆಯ ಮೇಲ್ವಿಚಾರಕನ ಕೃತಿಯೆಂದರೆ ಹೇಗೆ ತಾನೆ ನಂಬಿಯಾನು?

ಇಷ್ಟನ್ನೂ ಆತನು ಮಾಡಿದ್ದು ಕಚೇರಿಯಲ್ಲಲ್ಲ, ರಾಮ್ಸ್‌ಗೇಟಿನ ಕಡಲಬಂಡೆಯ ಮೇಲೆ ತಾನೇ ಕಟ್ಟಿಕೊಂಡ ಗ್ರೇಂಜ್ ಎಂಬ ಮನೆಯಲ್ಲಿ. ಸಮುದ್ರದ ಕಡೆಗೆ ತೆರೆದ ಗ್ರಂಥಾಲಯದ ಕಿಟಕಿಯ ಬಳಿ, ನಾವಿಕರ ದಪ್ಪ ಅಂಗಿಯಲ್ಲಿ ಕುಳಿತು ಅತಿವೇಗವಾಗಿ ಗೆರೆಯೆಳೆಯುತ್ತಿದ್ದನು. ಹಡಗು ಅಪಾಯಕ್ಕೆ ಸಿಕ್ಕಿತೆಂದರೆ ಮೇಲೆದ್ದು ಓಡುತ್ತಿದ್ದನು. ಗೋಡೆಯ ಕಾಗದದಲ್ಲಿ ವಂಶಲಾಂಛನದ ಪುಟ್ಟ ಕಪ್ಪು ಹಕ್ಕಿ. ಜೊತೆಗೆ, ‘ಮುಂದಕ್ಕೆ’ ಎಂದು ಸಾರುವ ಫ್ರೆಂಚ್ ಧ್ಯೇಯವಾಕ್ಯ. ಮನೆಯ ಪಕ್ಕದಲ್ಲಿ ಸಂತ ಆಗಸ್ಟೀನನ ಚರ್ಚನ್ನು ಸ್ವಂತ ಹಣದಿಂದ ಎತ್ತುತ್ತಿದ್ದನು. ಎರಡನೆಯ ಹೆಂಡತಿ ಲೂಯಿಸಾಳೂ ತೀರಿಕೊಂಡ ಮೇಲೆ, 1848ರಲ್ಲಿ ಜೇನ್ ನಿಲ್ ಎಂಬವಳನ್ನು ವರಿಸಿದನು. ಮೂವರು ಹೆಂಡಿರಲ್ಲಿ ಎಂಟು ಮಕ್ಕಳು.

1852ರ ಮೊದಲ ತಿಂಗಳುಗಳಲ್ಲಿ ದೇಹವೂ ಮನಸ್ಸೂ ಸೋಲುತ್ತಿದ್ದಾಗಲೇ ಗಡಿಯಾರದ ಗೋಪುರದ ನಕ್ಷೆಗಳನ್ನು ಮುಗಿಸಿದನು. ಅದರ ಮುನ್ಸೂಚನೆ ಲ್ಯಾಂಕಷೈರಿನ ಸ್ಕ್ಯಾರಿಸ್‌ಬ್ರಿಕ್ ಭವನಕ್ಕೆ ಆತನು ಹದಿನೈದು ವರ್ಷ ಮೊದಲೇ ಬರೆದ ಗಡಿಯಾರ ಗೋಪುರದಲ್ಲಿ ಕಾಣುತ್ತದೆ. ಫೆಬ್ರವರಿಯ ಕೊನೆಗೆ ಮಗ ಎಡ್ವರ್ಡನೊಡನೆ ಲಂಡನ್ನಿಗೆ ಹೋದವನಿಗೆ ಚಿತ್ತಭ್ರಮಣೆಯಾಯಿತು. ಆತನನ್ನು ಸೇರಿಸಿದ ಹುಚ್ಚಾಸ್ಪತ್ರೆಗಳಲ್ಲಿ ಬೆತ್ಲೆಮ್ ಒಂದು. ಅದರ ಎದುರಿಗೇ, ರಸ್ತೆಯಾಚೆಗೆ, ಆತನೇ ಕಟ್ಟಿದ ಸೇಂಟ್ ಜಾರ್ಜ್ ದೇವಾಲಯ ನಿಂತಿತ್ತು. ಜೇನ್ ಹಠಮಾಡಿ ಬಿಡಿಸಿಕೊಂಡು ಬಂದಳು. ಸೆಪ್ಟೆಂಬರ್ 14ರಂದು ಆತನು ಗ್ರೇಂಜ್‌ನಲ್ಲಿ ಪ್ರಾಣಬಿಟ್ಟನು. ಅದೇ ವರ್ಷ ಬ್ಯಾರಿಗೆ ‘ಸರ್’ ಪದವಿ ಬಂದಿತು.

ಹದಿನೆಂಟರ ಎಡ್ವರ್ಡನು ತಂದೆಯ ವೃತ್ತಿಯನ್ನು ಹೊತ್ತನು. ಜೊತೆಗೆ ತಂದೆಗೆ ಆದ ಅನ್ಯಾಯವನ್ನೂ ಹೊತ್ತನು. 1867ರಲ್ಲಿ ಪಾದ್ರಿಯಾಗಿದ್ದ ಆಲ್‌ಫ್ರೆಡ್ ಬ್ಯಾರಿ ತನ್ನ ತಂದೆಯ ಚರಿತ್ರೆಯನ್ನು ಪ್ರಕಟಿಸಿ, ಪ್ಯೂಜಿನ್ನನನ್ನು ಕೇವಲ ಸಹಾಯಕನ ಪಂಕ್ತಿಯಲ್ಲಿ ಕೂಡಿಸಿದಾಗ ಎಡ್ವರ್ಡನು ಕಿಡಿಕಾರುತ್ತ ಕಿರುಹೊತ್ತಗೆಯೊಂದನ್ನು ಹೊರಡಿಸಿದನು: ಪಾರ್ಲಿಮೆಂಟ್ ಭವನದ ಕಲಾಶಿಲ್ಪಿ ತನ್ನ ತಂದೆಯೇ ಎಂಬುದು ಅದರ ವಾದ. ತಂದೆಗೆ ಚಾರ್ಲ್ಸ್ ಬ್ಯಾರಿ ಬರೆದಿದ್ದ ಕಾಗದಗಳನ್ನು ಆ ಬ್ಯಾರಿಯೇ ತನ್ನಿಂದ ಪಡೆದು ಹಿಂದಿರುಗಿಸಲಿಲ್ಲವೆಂಬ ಘೋರ ಆಪಾದನೆಯೂ ಅದರೊಡನೆ ಎದ್ದಿತು. ಮರುವರ್ಷ ಆಲ್‌ಫ್ರೆಡ್ ಪ್ರತ್ಯುತ್ತರವಿತ್ತನು. ಅವನ ಬಳಿ ಬಲವಾದ ಸಾಕ್ಷ್ಯವೂ ಇದ್ದಿತು: ಬ್ಯಾರಿಯ ಕಲ್ಪನೆಯನ್ನು ಕಾರ್ಯರೂಪಕ್ಕೆ ತರಲು ನೆರವಾಗುವುದಷ್ಟೇ ತನ್ನ ಪಾತ್ರವೆಂದು 1845ರಲ್ಲಿ ‘ದಿ ಬಿಲ್ಡರ್’ ಪತ್ರಿಕೆಗೆ ಬರೆದವನು ಸ್ವತಃ ಪ್ಯೂಜಿನ್ನನೇ.

ಈ ವ್ಯಾಜ್ಯದಲ್ಲಿ ಬ್ಯಾರಿಯನ್ನು ಕಳ್ಳನೆನ್ನಲು ನನಗೆ ಮನಸ್ಸು ಬಾರದು. ಸಭಾಂಗಣಗಳ ಹೊಂದಿಕೆ, ನದೀಮುಖದ ಸಮತೂಕ, ಸಮಿತಿಗಳೊಡನೆ ವರ್ಷಾನುವರ್ಷ ನಡೆಸಿದ ಹೆಣಗಾಟ ಇವೆಲ್ಲ ಅವನವೇ. ಒಡಲು ಗ್ರೀಕರದು, ಮೇಲಿನ ಕುಸುರಿ ಮಾತ್ರ ಟ್ಯೂಡರರದು ಎಂದು ಪ್ಯೂಜಿನ್ನನೇ ಆ ಭವನವನ್ನು ಕುರಿತು ಹೇಳಿದನೆಂದು ಪ್ರತೀತಿ. ಆದರೆ ಆ ಕುಸುರಿಯನ್ನು ಕಳೆದು ನೋಡಿದರೆ ಉಳಿಯುವ ಭವನವನ್ನು ಯಾರು ಸಮುದ್ರ ದಾಟಿ ನೋಡಲು ಹೋಗುತ್ತಿದ್ದರು? ಬ್ಯಾರಿ 1860ರವರೆಗೆ ಬದುಕಿದ್ದನು. ತೀರಿಹೋದ ಜೊತೆಗಾರನ ಋಣವನ್ನು ಬಹಿರಂಗವಾಗಿ ಒಪ್ಪಿಕೊಳ್ಳಲು ಎಂಟು ವರ್ಷಗಳ ಅವಕಾಶವಿತ್ತು. ಅದನ್ನು ಕ್ಷಮಿಸುವುದು ನನಗೆ ಕಷ್ಟವಾಗಿದೆ.

ಎಡ್ವರ್ಡನು ನೂರಕ್ಕೂ ಮಿಕ್ಕಿ ಚರ್ಚುಗಳನ್ನು ಯೋಜಿಸಿ, ರಾಮ್ಸ್‌ಗೇಟಿನಲ್ಲಿ ಹೋಟೆಲು ಕಟ್ಟಲು ಹೋಗಿ ದಿವಾಳಿಯೆದ್ದು, ಜಗಳ ಮೊಕದ್ದಮೆಗಳಲ್ಲಿ ಸವೆದು 1875ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ತಮ್ಮಂದಿರಾದ ಕತ್‌ಬರ್ಟ್ ಮತ್ತು ಪೀಟರ್ ಪಾಲ್ ಸಂಸ್ಥೆಯನ್ನು ಮುಂದುವರಿಸಿದರು. ಬ್ಯಾರಿಯ ಕಾಗದಗಳಿಗಾಗಿ ಎಡ್ವರ್ಡನು ಅಷ್ಟೊಂದು ಹಲುಬಿದನು; ನಿಜವಾದ ಸಾಕ್ಷ್ಯ ಇದ್ದದ್ದು ಬರ್ಮಿಂಗ್‌ಹ್ಯಾಮಿನ ಲೋಹಶಿಲ್ಪಿಗೆ ಬಂದ ಓಲೆಗಳಲ್ಲಿ. ಮಾರ್ಗರೆಟ್ ಬೆಲ್ಚರ್ ಎಂಬ ವಿದುಷಿ 2001ರಿಂದ ಐದು ಸಂಪುಟಗಳಲ್ಲಿ ಸಂಪಾದಿಸಿ ಪ್ರಕಟಿಸಿದ ಪ್ಯೂಜಿನ್ನನ ಪತ್ರಗಳಲ್ಲಿ, ಆ ಕೊನೆಯ ಚಳಿಗಾಲದಲ್ಲಿ ಹಾರ್ಡ್‌ಮನ್‌ಗೆ ಬರೆದ ಒಂದು ಓಲೆಯಿದೆ: ಬ್ಯಾರಿಗಾಗಿ ಹಿಂದೆಂದೂ ಇಷ್ಟು ದುಡಿದಿರಲಿಲ್ಲವೆಂದೂ, ಘಂಟಾಗೋಪುರದ ನಕ್ಷೆಗಳನ್ನೆಲ್ಲ ನಾಳೆ ಒಪ್ಪಿಸುವುದಾಗಿಯೂ, ಅದು ಬಹಳ ಚೆನ್ನಾಗಿ ಬಂದಿದೆಯೆಂದೂ ಆತನು ಅದರಲ್ಲಿ ಗೆಳೆಯನಿಗೆ ತಿಳಿಸುತ್ತಾನೆ.